ಕಿಡಿಯಿಲ್ಲದ ಬೆಂಕಿ: ರುಡಾಲ್ಫ್ ಡೀಸೆಲನ ಬಾಳು

ಅಂಕಿತನಾಮವು ಕಾಲಕ್ರಮದಲ್ಲಿ ರೂಢನಾಮವಾಗಿಬಿಡುವ ವಿಚಾರವನ್ನು ವ್ಯಾಕರಣದ ತರಗತಿಯಲ್ಲಿ ಹೇಳುವಾಗ ನಾನು ಕೊಡುವ ಉದಾಹರಣೆಗಳಲ್ಲಿ ಡೀಸೆಲ್ ಎಂಬ ಮಾತೂ ಒಂದು. ಅದು ಒಬ್ಬ ಮನುಷ್ಯನ ಹೆಸರೆಂದು ಕೇಳಿದಾಗ ವಿದ್ಯಾರ್ಥಿಗಳಲ್ಲಿ ಹಲವರಿಗೆ ಅಚ್ಚರಿಯಾಗುತ್ತದೆ. ಪೆಟ್ರೋಲ್ ಬಂಕಿನಲ್ಲಿ ಲಾರಿ ನಿಲ್ಲಿಸುವವನೂ, ಗದ್ದೆಯ ಬದಿಯಲ್ಲಿ ನೀರೆತ್ತುವ ಯಂತ್ರಕ್ಕೆ ಕ್ಯಾನಿನಿಂದ ಎಣ್ಣೆ ಸುರಿಯುವವನೂ ದಿನಕ್ಕೆ ಹತ್ತು ಸಲ ಆ ಹೆಸರನ್ನು ಉಚ್ಚರಿಸುತ್ತಾರೆ. ಹೆಸರನ್ನು ಹೊತ್ತಿದ್ದವನು ಮಾತ್ರ ಯಾರ ನೆನಪಿಗೂ ಬರುವುದಿಲ್ಲ. ಕೀರ್ತಿಯಲ್ಲಿ ಇದೂ ಒಂದು ಬಗೆ. ಹೆಸರು ಉಳಿದು ಹೆಸರುಳ್ಳವನು ಅಳಿಯುವ ಬಗೆ.

ಯಂತ್ರಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಈ ಮನುಷ್ಯನ ಬಾಳನ್ನು ಓದುತ್ತ ಹೋದಂತೆ, ಕಾವ್ಯಮೀಮಾಂಸೆಯ ಒಂದು ಹಳೆಯ ಪ್ರಶ್ನೆ ಬೇರೆ ವೇಷದಲ್ಲಿ ನನ್ನೆದುರು ಬಂದು ನಿಂತಿತು. ಕೃತಿಯೊಂದು ಹುಟ್ಟಬೇಕಾದರೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರೂ ಬೇಕೆಂದು ನಮ್ಮ ಆಲಂಕಾರಿಕರು ಹೇಳಿದರು. ಒಬ್ಬನಲ್ಲಿ ಮೊದಲಿನ ಎರಡು ತುಂಬಿ ತುಳುಕಿ, ಮೂರನೆಯದನ್ನು ಬಹುಪಾಲು ಇತರರು ಪೂರೈಸಿದರೆ, ಕೃತಿ ಯಾರದು? ಡೀಸೆಲನ ಕೊನೆಯ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವನ ಮುಖದ ಮುಂದೆಯೇ ಎತ್ತಲಾಯಿತು. ಅದಕ್ಕೆ ಉತ್ತರ ಹುಡುಕಬೇಕಾದರೆ ಅವನ ಎಂಜಿನ್ನಿನ ಒಂದು ಅಂಗವನ್ನು, ಇಂಧನವನ್ನು ಉರಿಯ ಬಳಿಗೆ ಒಯ್ಯುವ ದಾರಿಯನ್ನು, ಕಣ್ಣಿಟ್ಟು ನೋಡಬೇಕಾಗುತ್ತದೆ.

ರುಡಾಲ್ಫ್ ಡೀಸೆಲ್ ಹುಟ್ಟಿದುದು ೧೮೫೮ರ ಮಾರ್ಚ್ ೧೮ರಂದು, ಪ್ಯಾರಿಸಿನಲ್ಲಿ. ತಂದೆ ಥಿಯೊಡೋರ್ ಬವೇರಿಯಾದ ಆಗ್ಸ್‌ಬರ್ಗಿನಿಂದ ಬಂದು ನೆಲಸಿ ಚರ್ಮದ ಸಾಮಾನುಗಳನ್ನು ಮಾಡುತ್ತಿದ್ದ ಕಸುಬುದಾರ; ತಾಯಿ ಎಲೀಸ್ ನ್ಯೂರೆಂಬರ್ಗಿನವಳು. ಮನೆಯಲ್ಲಿ ಸಿರಿವಂತಿಕೆಯಿರಲಿಲ್ಲ. ಹುಡುಗನಿಗೆ ಪ್ಯಾರಿಸಿನ ಕಲಾಕೌಶಲ ಸಂಗ್ರಹಾಲಯದಲ್ಲಿ ಹಳೆಯ ಯಂತ್ರಗಳ ಮುಂದೆ ನಿಲ್ಲುವುದೇ ದೊಡ್ಡ ಸಂತೋಷವಾಗಿತ್ತು. ೧೮೭೦ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಜರ್ಮನ್ ಮನೆತನಗಳು ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಗಿ ಬಡತನದ ಸುಳಿಯಲ್ಲಿ ಸಿಕ್ಕಿತು. ಅಲ್ಲಿಂದ ಹನ್ನೆರಡು ವರ್ಷದ ರುಡಾಲ್ಫನನ್ನು ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನ ಕ್ರಿಸ್ಟೋಫ್ ಬಾರ್ನಿಕೆಲ್ ಗಣಿತದ ಉಪಾಧ್ಯಾಯ. ಹುಡುಗ ಸೇರಿದುದೂ ಆತ ಕಲಿಸುತ್ತಿದ್ದ ಕೈಗಾರಿಕಾ ಶಾಲೆಗೇ.

ಹುಟ್ಟಿದ ನಾಡಿನಲ್ಲಿ ಪರಕೀಯ, ಹೆತ್ತವರ ನಾಡಿನಲ್ಲಿ ಹೊಸಬ, ಹೀಗೆ ಎರಡು ಕಡೆಯೂ ಬೇರಿಲ್ಲದೆ ಬೆಳೆದ ಹುಡುಗನಿಗೆ ಪಾಠವೇ ನೆಲೆಯಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ತಾನು ಎಂಜಿನಿಯರ್ ಆಗುವುದಾಗಿ ತಂದೆತಾಯಿಗಳಿಗೆ ಬರೆದನು. ೧೮೭೩ರಲ್ಲಿ ತರಗತಿಗೇ ಮೊದಲಿಗನಾಗಿ ತೇರ್ಗಡೆ ಹೊಂದಿ, ಮುಂದೆ ವಿದ್ಯಾರ್ಥಿವೇತನದ ಬಲದಿಂದ ೧೮೭೫ರಲ್ಲಿ ಮ್ಯೂನಿಕ್ ನಗರದ ಪಾಲಿಟೆಕ್ನಿಕ್ ಸೇರಿದನು. ಬೇಗ ದುಡಿದು ಹಣ ಕಳುಹಿಸಲಿ ಎಂದು ಹೆತ್ತವರಿಗಿದ್ದ ಆಸೆಗೆ ಇದು ವಿರುದ್ಧವಾಗಿತ್ತು. ೧೮೭೯ರಲ್ಲಿ ಪರೀಕ್ಷೆಯ ಹೊತ್ತಿಗೆ ವಿಷಮಶೀತ ಜ್ವರ ಬಂದು ಹಾಸಿಗೆ ಹಿಡಿದನು. ಚೇತರಿಸಿಕೊಂಡ ಬಳಿಕ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ಸುಲ್ಜರ್ ಸಹೋದರರ ಕಾರ್ಖಾನೆಯಲ್ಲಿ ಕೈಕೆಲಸ ಕಲಿತು, ೧೮೮೦ರ ಜನವರಿಯಲ್ಲಿ ಪರೀಕ್ಷೆಗೆ ಕುಳಿತು ಅತ್ಯುಚ್ಚ ಗೌರವದೊಡನೆ ಪದವಿ ಪಡೆದನು.

ಮ್ಯೂನಿಕ್ಕಿನಲ್ಲಿ ಅವನ ಗುರು ಕಾರ್ಲ್ ಫಾನ್ ಲಿಂಡೆ. ಶೀತಲಯಂತ್ರಗಳ ಇತಿಹಾಸದಲ್ಲಿ ದೊಡ್ಡ ಹೆಸರು. ಉಗಿಯಂತ್ರದ ವಿಷಯವಾಗಿ ಆತ ಮಾಡಿದ ಪಾಠ ಶಿಷ್ಯನ ಮನಸ್ಸಿನಲ್ಲಿ ಮುಳ್ಳಿನಂತೆ ನಾಟಿಕೊಂಡಿತು. ಕಲ್ಲಿದ್ದಲು ಕೊಡುವ ಶಾಖದಲ್ಲಿ ಉಗಿಯಂತ್ರ ಕೆಲಸವಾಗಿ ಮಾರ್ಪಡಿಸುವುದು ನೂರರಲ್ಲಿ ಹತ್ತು ಪಾಲನ್ನೂ ಮುಟ್ಟುವುದಿಲ್ಲ. ಉಳಿದ ತೊಂಬತ್ತು ಪಾಲು ಹೊಗೆಯ ಕೊಳವೆಯಲ್ಲಿಯೂ ತಣಿಸುವ ನೀರಿನಲ್ಲಿಯೂ ಹಾಳಾಗುತ್ತದೆ. ಫ್ರೆಂಚ್ ವಿಜ್ಞಾನಿ ಕಾರ್ನೋ ೧೮೨೪ರಲ್ಲಿಯೇ ಆದರ್ಶ ಶಾಖಯಂತ್ರವೊಂದರ ಲಕ್ಷಣವನ್ನು ಹೇಳಿದ್ದನು. ಆ ಆದರ್ಶಕ್ಕೆ ಹತ್ತಿರವಾದ ಯಂತ್ರವನ್ನು ನಿಜವಾಗಿ ಕಟ್ಟಲು ಬಾರದೆ? ವಿದ್ಯಾರ್ಥಿ ತನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಈ ಸಂದೇಹವನ್ನು ಗುರುತು ಹಾಕಿಕೊಂಡನು. ಅವನ ಮುಂದಿನ ಮೂವತ್ತೈದು ವರ್ಷಗಳ ಬಾಳೆಲ್ಲ ಆ ಅಂಚಿನ ಗುರುತಿಗೆ ಬರೆದ ಭಾಷ್ಯ.

ಪದವಿಯಾದ ಮೇಲೆ ಲಿಂಡೆಯ ಮಂಜುಗಡ್ಡೆ ಯಂತ್ರಗಳ ಕೆಲಸಕ್ಕಾಗಿ ಪ್ಯಾರಿಸಿಗೆ ಹೋಗಿ, ವರ್ಷದೊಳಗೆ ಅಲ್ಲಿನ ಕಾರ್ಖಾನೆಯ ಮುಖ್ಯಸ್ಥನಾದನು. ೧೮೮೩ರಲ್ಲಿ ಮಾರ್ತಾ ಫ್ಲಾಷೆ ಎಂಬ ಹೆಣ್ಣನ್ನು ಮದುವೆಯಾದನು. ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು ಹುಟ್ಟಿದರು. ಹಗಲು ಮಂಜುಗಡ್ಡೆಯ ವ್ಯಾಪಾರ, ರಾತ್ರಿ ಬೆಂಕಿಯ ಚಿಂತೆ. ನೀರಿನ ಉಗಿಗೆ ಬದಲಾಗಿ ಅಮೋನಿಯಾ ಆವಿಯಿಂದ ಯಂತ್ರವನ್ನು ನಡೆಸಲು ವರ್ಷಗಟ್ಟಲೆ ಹೆಣಗಿ ಸೋತನು. ಸೋಲಿನಲ್ಲಿಯೂ ಲಾಭವಿದ್ದಿತು: ಹೆಚ್ಚಿನ ಒತ್ತಡದ ಆವಿಯ ಗುಣಗಳು ಕರತಲಾಮಲಕವಾದವು. ಕೊನೆಗೆ ಹೊಳೆದ ಯೋಚನೆ ಸರಳವಾದುದು. ಆವಿಯೇಕೆ ಬೇಕು? ಗಾಳಿಯೇ ಸಾಲದೆ? ಆ ವೇಳೆಗೆ, ೧೮೯೦ರಲ್ಲಿ, ಸಂಸಾರ ಬರ್ಲಿನ್ನಿಗೆ ಬಂದಿತ್ತು.

ಆ ಯೋಚನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಮೂವತ್ತು ನಲವತ್ತು ವಾತಾವರಣಗಳ ಒತ್ತಡಕ್ಕೆ ಥಟ್ಟನೆ ಅದುಮಿದರೆ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಇತರ ಎಂಜಿನ್ನುಗಳು ಗಾಳಿಯನ್ನೂ ಇಂಧನವನ್ನೂ ಮೊದಲೇ ಬೆರೆಸಿ ಅದುಮಿ, ಆಮೇಲೆ ಕಿಡಿಯಿಂದಲೋ ಉರಿಯಿಂದಲೋ ಹೊತ್ತಿಸುತ್ತಿದ್ದವು. ಡೀಸೆಲನ ಎಂಜಿನ್ನಿನಲ್ಲಿ ಮೊದಲು ಬರಿಯ ಗಾಳಿಯನ್ನು ಅದುಮಬೇಕು. ಅದು ಕಾದು ಕೆಂಡದಂತಾದ ಗಳಿಗೆಯಲ್ಲಿ ಇಂಧನವನ್ನು ಒಳಕ್ಕೆ ಬಿಡಬೇಕು. ಕಿಡಿ ಬೇಡ. ಅದುಮುವಿಕೆ ಹೆಚ್ಚಿದಷ್ಟೂ ಶಾಖದಲ್ಲಿ ಹೆಚ್ಚು ಪಾಲು ಕೆಲಸವಾಗಿ ಕೈಗೆ ಬರುತ್ತದೆ.

೧೮೯೨ರ ಫೆಬ್ರವರಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದನು. ೧೮೯೩ರಲ್ಲಿ ಅದು ದೊರೆಯಿತು. ಅದೇ ವರ್ಷ ಉಗಿಯಂತ್ರವನ್ನು ಸ್ಥಾನದಿಂದ ಇಳಿಸಬಲ್ಲ ತರ್ಕಬದ್ಧ ಶಾಖಯಂತ್ರವೊಂದರ ಸಿದ್ಧಾಂತವನ್ನು ವಿವರಿಸುವ ಪುಸ್ತಕವನ್ನು ಪ್ರಕಟಿಸಿದನು. ಪುಸ್ತಕದಲ್ಲಿ ಅವನು ಕಂಡ ಕನಸು ಎಷ್ಟು ಎತ್ತರದ್ದೆಂದರೆ, ಗಾಳಿಯನ್ನು ೨೫೦ ವಾತಾವರಣಗಳವರೆಗೆ ಅದುಮುವ ಮಾತಿತ್ತು; ಉಷ್ಣತೆ ಏರದಂತೆ ಇಂಧನವನ್ನು ಮೆಲ್ಲಮೆಲ್ಲನೆ ಉರಿಸುವ ಮಾತಿತ್ತು. ಎರಡೂ ನಡೆಯುವಂಥವಲ್ಲ. ಅಂಥ ಯಂತ್ರ ಓಡಿದರೂ ಅದರ ಬಲವೆಲ್ಲ ತನ್ನ ಗಾಳಿಯನ್ನು ಅದುಮುವುದಕ್ಕೇ ಮುಗಿದುಹೋಗುತ್ತಿತ್ತು. ಡೀಸೆಲನಿಗೆ ಇದು ಬೇಗನೆ ಮನವರಿಕೆಯಾಯಿತು. ಒತ್ತಡವನ್ನು ಇಳಿಸಿ, ಉರಿಯುವ ಕ್ರಮವನ್ನು ಬದಲಿಸಿ, ೧೮೯೩ರ ನವೆಂಬರಿನಲ್ಲಿ ಮತ್ತೊಂದು ಪೇಟೆಂಟಿಗೆ ಅರ್ಜಿ ಹಾಕಿದನು. ಮೊದಲನೆಯದರ ಕೊರತೆಯನ್ನು ಮಾತ್ರ ಬಹಿರಂಗವಾಗಿ ಹೇಳಲಿಲ್ಲ. ಆ ಮೌನಕ್ಕೆ ಇಪ್ಪತ್ತು ವರ್ಷಗಳ ಬಳಿಕ ಬಡ್ಡಿ ತೆರಬೇಕಾಯಿತು.

ಪುಸ್ತಕವನ್ನು ಕೈಯಲ್ಲಿ ಹಿಡಿದು ಬಂದ ತರುಣನನ್ನು ನಂಬಿದವನು ಆಗ್ಸ್‌ಬರ್ಗ್ ಯಂತ್ರ ಕಾರ್ಖಾನೆಯ ನಿರ್ದೇಶಕ ಹೈನ್‌ರಿಕ್ ಫಾನ್ ಬುಜ್. ಉಕ್ಕಿನ ದೊರೆಗಳಾದ ಕ್ರುಪ್ ಸಂಸ್ಥೆಯವರೂ ಜೊತೆಗೂಡಿ ವರ್ಷಕ್ಕೆ ೩೦,೦೦೦ ಮಾರ್ಕುಗಳ ಸಂಬಳ ಗೊತ್ತುಮಾಡಿದರು. ಹನ್ನೆರಡು ವರ್ಷದ ಅನಾಥಪ್ರಾಯನಾಗಿ ಯಾವ ಊರಿಗೆ ಬಂದಿದ್ದನೋ ಅದೇ ಊರಿನಲ್ಲಿ ಅವನ ನಿಜವಾದ ತಪಸ್ಸು ಮೊದಲಾಯಿತು.

೧೮೯೩ರ ಆಗಸ್ಟ್ ೧೦ರಂದು ಮೊದಲ ಪ್ರಯೋಗ. ಸುಮಾರು ಮೂರು ಮೀಟರು ಎತ್ತರದ ಒಂಟಿ ಸಿಲಿಂಡರಿನ ಯಂತ್ರವನ್ನು ಕಾರ್ಖಾನೆಯ ಪಟ್ಟಿಯಿಂದ ತಿರುಗಿಸಿ ಇಂಧನವನ್ನು ಒಳಕ್ಕೆ ಚಿಮ್ಮಿಸಿದರು. ಒಡನೆಯೇ ಸಿಡಿಲಿನಂಥ ಶಬ್ದ. ಒತ್ತಡ ೮೦ ವಾತಾವರಣಗಳಿಗೆ ಏರಿ ಅಳೆಯುವ ಉಪಕರಣವೇ ಸಿಡಿದು ಚೂರಾಯಿತು. ಯಂತ್ರ ಸ್ವಂತ ಬಲದಿಂದ ಓಡಲಿಲ್ಲ. ಆದರೆ ಕಿಡಿಯಿಲ್ಲದೆ ಬೆಂಕಿ ಹೊತ್ತುವುದು ಸಿದ್ಧವಾಯಿತು. ಯಂತ್ರವನ್ನು ಬಿಚ್ಚಿ ಮತ್ತೆ ಕಟ್ಟಿದರು. ೧೮೯೪ರ ಫೆಬ್ರವರಿ ೧೭ರಂದು ಅದು ಸುಮಾರು ಒಂದು ನಿಮಿಷದ ಕಾಲ ತಾನಾಗಿಯೇ ಓಡಿತು. ಇದುವರೆಗೆ ಯಂತ್ರವನ್ನು ಎಳೆಯುತ್ತಿದ್ದ ಪಟ್ಟಿಯನ್ನು ಈಗ ಯಂತ್ರವೇ ಎಳೆಯುತ್ತಿದೆ ಎಂಬುದನ್ನು ಮೊದಲು ಕಂಡವನು ಡೀಸೆಲನಲ್ಲ, ಬಳಿಯಲ್ಲಿ ನಿಂತಿದ್ದ ಒಬ್ಬ ಕೆಲಸಗಾರ. ಆತ ಮಾತಿಲ್ಲದೆ ತಲೆಯ ಟೋಪಿಯನ್ನು ತೆಗೆದನೆಂದು ಹೇಳುತ್ತಾರೆ. ಆ ಮೂಕ ವಂದನೆಗೆ ಸಮನಾದ ಬಿರುದನ್ನು ಡೀಸೆಲ್ ಮುಂದೆ ಪಡೆಯಲಿಲ್ಲವೆಂದೇ ನನ್ನ ಭಾವನೆ.

ಬೆಂಕಿ ಸಿಕ್ಕಿತು. ಬೆಂಕಿಗೆ ಉಣಿಸುವ ಕೈ ಸಿಕ್ಕಲಿಲ್ಲ. ಕಷ್ಟವೆಲ್ಲಿತ್ತೆಂಬುದನ್ನು ನೋಡಿ. ಮೂವತ್ತಕ್ಕೂ ಹೆಚ್ಚು ವಾತಾವರಣಗಳ ಒತ್ತಡವಿರುವ ಕೋಣೆಯೊಳಕ್ಕೆ, ಪಿಸ್ಟನ್ ತುದಿ ಮುಟ್ಟುವ ಅರೆಗಳಿಗೆಯಲ್ಲಿ, ಹನಿಗಳಷ್ಟೇ ಎಣ್ಣೆಯನ್ನು, ಅಳತೆ ತಪ್ಪದಂತೆ, ಮಂಜಿನಂಥ ತುಂತುರಾಗಿ ಒಡೆದು ಕಳುಹಿಸಬೇಕು. ಹನಿ ದಪ್ಪವಾದರೆ ಅರೆಬೆಂದು ಕರಿಹೊಗೆ ಬರುತ್ತದೆ, ಗಳಿಗೆ ಮುಂಚಾದರೆ ಯಂತ್ರ ಒಡೆಯುವಂತೆ ಬಡಿದುಕೊಳ್ಳುತ್ತದೆ, ತಡವಾದರೆ ಬಲವಿಲ್ಲ. ಎಣ್ಣೆಯನ್ನು ನೇರವಾಗಿ ಪಂಪಿನಿಂದ ಚಿಮ್ಮಿಸಬೇಕೆಂಬುದೇ ಡೀಸೆಲನ ಮೊದಲ ಇಚ್ಛೆ. ಆದರೆ ಅಷ್ಟು ಸೂಕ್ಷ್ಮವಾದ ಪಂಪನ್ನು ಕೊರೆದು ಕೊಡಬಲ್ಲ ಕೈಯಾಗಲಿ ಹತಾರವಾಗಲಿ ಅಂದು ಇರಲಿಲ್ಲ. ಕಲ್ಲಿದ್ದಲ ಪುಡಿಯನ್ನೂ ಉರಿಸಬಹುದೆಂಬ ಆಸೆಯೂ ಕೈಗೂಡಲಿಲ್ಲ.

ಬೇರೆ ದಾರಿ ಕಾಣದೆ ಅವನು ಗಾಳಿಯ ನೆರವು ಪಡೆದನು. ಪ್ರತ್ಯೇಕವಾದ ಒಂದು ಸಂಪೀಡಕ ಯಂತ್ರದಿಂದ ಗಾಳಿಯನ್ನು ಸಿಲಿಂಡರಿನ ಒತ್ತಡಕ್ಕಿಂತ ಬಹಳ ಹೆಚ್ಚು ಅದುಮಿ, ಆ ಗಾಳಿಯ ರಭಸದಿಂದ ಎಣ್ಣೆಯನ್ನು ಒಳಕ್ಕೆ ಊದುವುದು. ಅಕ್ಕಸಾಲಿಗನ ಊದುಗೊಳವೆಯ ಉಪಾಯವೇ ಇದು, ದೊಡ್ಡ ಪ್ರಮಾಣದಲ್ಲಿ. ಎಣ್ಣೆ ಚೆನ್ನಾಗಿ ಸಿಡಿದು ಸೊಗಸಾಗಿ ಉರಿಯಿತು. ಆದರೆ ಆ ಸಂಪೀಡಕ ಎಂಜಿನ್ನಿನ ಬಲದಲ್ಲಿ ತನ್ನ ಪಾಲನ್ನು ಕಿತ್ತುಕೊಳ್ಳುತ್ತಿತ್ತು. ತೂಕ ಹೆಚ್ಚು, ಬೆಲೆ ಹೆಚ್ಚು, ರಿಪೇರಿಯೂ ಹೆಚ್ಚು. ಗಟ್ಟಿ ಅಡಿಪಾಯದ ಮೇಲೆ ಕುಳಿತ ಕಾರ್ಖಾನೆಯ ಯಂತ್ರಕ್ಕೆ, ಹಡಗಿಗೆ, ಇದು ನಡೆದೀತು. ರಸ್ತೆಯ ಮೇಲೆ ಓಡುವ ಗಾಡಿಗೆ ಅಲ್ಲ.

೧೮೯೭ರ ಫೆಬ್ರವರಿ ೧೭ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಜ್ ಶ್ರೋಟರ್ ಮೂರನೆಯ ಎಂಜಿನ್ನನ್ನು ವಿಧ್ಯುಕ್ತವಾಗಿ ಪರೀಕ್ಷಿಸಿದನು. ಇಂಧನದ ಶಾಖದಲ್ಲಿ ನೂರಕ್ಕೆ ೨೬.೨ ಪಾಲು ಕೆಲಸವಾಗಿ ದೊರೆಯಿತು. ಅಂದು ಬಳಕೆಯಲ್ಲಿದ್ದ ಯಾವ ಶಾಖಯಂತ್ರವೂ ಇದರ ಸಮೀಪಕ್ಕೆ ಬರುತ್ತಿರಲಿಲ್ಲ. ಆ ಜೂನ್ ತಿಂಗಳಲ್ಲಿ ಕಾಸೆಲ್ ನಗರದ ಎಂಜಿನಿಯರುಗಳ ಮಹಾಸಭೆಯಲ್ಲಿ ಫಲಿತಾಂಶ ಘೋಷಿತವಾದುದೇ ತಡ, ಪರವಾನಗಿ ಕೊಳ್ಳಲು ಜಗತ್ತೇ ಬಾಗಿಲಿಗೆ ಬಂದಿತು. ಅಮೆರಿಕದಿಂದ ಅಡಾಲ್ಫಸ್ ಬುಷ್ ಹತ್ತು ಲಕ್ಷ ಮಾರ್ಕು ತೆತ್ತನು. ರಷ್ಯದಿಂದ ಎಮಾನುಯೆಲ್ ನೊಬೆಲ್ ಬಂದನು. ೧೮೯೮ರಲ್ಲಿ ತನ್ನ ಹಕ್ಕುಗಳನ್ನು ಹೊಸ ಸಂಸ್ಥೆಯೊಂದಕ್ಕೆ ೩೫ ಲಕ್ಷ ಮಾರ್ಕುಗಳಿಗೆ ಒಪ್ಪಿಸಿದ ಡೀಸೆಲ್ ಶ್ರೀಮಂತರ ಸಾಲಿನಲ್ಲಿ ನಿಂತನು. ಆ ವರ್ಷವೇ ಅವನ ಎಂಜಿನ್ನು ಕೆಂಪ್ಟನ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ದುಡಿಮೆಗೆ ನಿಂತಿತು. ಅದು ಬೆಂಕಿಕಡ್ಡಿಯ ಕಾರ್ಖಾನೆ! ಬೆಂಕಿಕಡ್ಡಿಯ ಹಂಗಿಲ್ಲದೆ ಹೊತ್ತುವ ಯಂತ್ರಕ್ಕೆ ಮೊದಲ ಉದ್ಯೋಗ ದೊರೆತ ಸ್ಥಳವನ್ನು ವಿಧಿಯ ವಿನೋದವೆನ್ನದೆ ಏನೆನ್ನಬೇಕು?

ವಿನೋದ ಬಹುಕಾಲ ಉಳಿಯಲಿಲ್ಲ. ಪ್ರಯೋಗಶಾಲೆಯಲ್ಲಿ ನುರಿತವರ ಕಣ್ಣೆದುರು ಓಡುವುದು ಒಂದು. ಕೊಂಡವನ ಕಾರ್ಖಾನೆಯಲ್ಲಿ, ಸಾಮಾನ್ಯ ಕೆಲಸಗಾರನ ಕೈಯಲ್ಲಿ, ದಿನವೂ ಓಡುವುದು ಮತ್ತೊಂದು. ಎಣ್ಣೆ ಸಿಡಿಸುವ ಬಾಯಿ ಕಟ್ಟಿಕೊಳ್ಳುತ್ತಿತ್ತು, ಸಂಪೀಡಕ ಕೆಡುತ್ತಿತ್ತು. ದೂರುಗಳು ಬಂದವು. ವಿಶ್ರಾಂತಿಯಿಲ್ಲದ ದುಡಿಮೆ, ಪೇಟೆಂಟಿನ ವ್ಯಾಜ್ಯ, ದೂರುಗಳ ಹೊರೆ ಸೇರಿ ಡೀಸೆಲನ ನರಗಳು ಸೋತವು, ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿರಬೇಕಾಯಿತು. ಎಂಜಿನ್ನನ್ನು ನೆಚ್ಚಬಹುದಾದ ವಸ್ತುವನ್ನಾಗಿ ಮಾಡಿದ ಕೀರ್ತಿ ಆಗ್ಸ್‌ಬರ್ಗಿನಲ್ಲಿ ತಾಳ್ಮೆಯಿಂದ ಒಂದೊಂದೇ ದೋಷವನ್ನು ತಿದ್ದಿದ ಎಂಜಿನಿಯರುಗಳಿಗೂ ಸಲ್ಲಬೇಕು.

೧೯೦೦ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅವನ ಯಂತ್ರಕ್ಕೆ ಅಗ್ರಪ್ರಶಸ್ತಿ ಬಂದಿತು. ಅಲ್ಲಿಯೇ ಒಂದು ಸಣ್ಣ ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಿಂದ ಓಡಿಸಿ ತೋರಿಸಿದರು. ಆಫ್ರಿಕದ ವಸಾಹತುಗಳಲ್ಲಿ ಬೆಳೆಯುವ ಎಣ್ಣೆಯಿಂದಲೇ ಅಲ್ಲಿಯ ಯಂತ್ರಗಳು ಓಡಬಹುದೆ ಎಂಬ ಫ್ರೆಂಚ್ ಸರ್ಕಾರದ ಕುತೂಹಲ ಅದರ ಹಿಂದಿತ್ತು. ನೋಡುವವರಲ್ಲಿ ಕೆಲವರಿಗೆ ಮಾತ್ರ ಅದು ತಿಳಿದಿತ್ತೆಂದೂ, ಸಸ್ಯಗಳ ಎಣ್ಣೆ ಮುಂದೊಂದು ಕಾಲಕ್ಕೆ ಕಲ್ಲೆಣ್ಣೆಯಷ್ಟೇ ಮುಖ್ಯವಾಗಬಹುದೆಂದೂ ಡೀಸೆಲ್ ೧೯೧೨ರಲ್ಲಿ ನೆನೆದುಕೊಂಡನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಹೊಂಗೆಯ ಎಣ್ಣೆಯಿಂದ ಇಂಥ ಎಂಜಿನ್ನುಗಳನ್ನು ನಡೆಸುವ ಪ್ರಯೋಗ ಮಾಡಿದುದನ್ನು ಬಲ್ಲ ಕನ್ನಡಿಗರಿಗೆ ಆ ಮಾತು ದೂರದ್ದೆನಿಸದು.

ಯಂತ್ರವನ್ನು ಕಟ್ಟಿದವನ ಮನಸ್ಸಿನಲ್ಲಿ ಮನುಷ್ಯನ ಚಿಂತೆಯೂ ಇತ್ತು. ದೊಡ್ಡ ಉಗಿಯಂತ್ರ ದೊಡ್ಡ ಬಂಡವಾಳಗಾರನಿಗಷ್ಟೇ ಎಟಕುವಂಥದು. ಸಣ್ಣ ಕಸುಬುದಾರನಿಗೂ ಎಟಕುವ ಬಲವೊಂದು ಬೇಕೆಂಬುದು ಅವನ ಮೊದಲ ಆಶಯಗಳಲ್ಲಿ ಒಂದು. ಚರ್ಮದ ಕೆಲಸದವನ ಮಗನಿಗೆ ಇದು ಸಹಜವೇ. ೧೯೦೩ರಲ್ಲಿ ಕೆಲಸಗಾರರು ತಮ್ಮ ಚಿಕ್ಕ ಉಳಿತಾಯಗಳನ್ನು ಕೂಡಿಸಿ ಕಾರ್ಖಾನೆಗಳಿಗೆ ತಾವೇ ಒಡೆಯರಾಗುವ ಬಗೆಯನ್ನು ವಿವರಿಸಿ ಸಾಲಿಡಾರಿಸ್ಮುಸ್ ಎಂಬ ಪುಸ್ತಕ ಬರೆದನು. ಎಂಜಿನ್ನಿಗಿಂತ ಇದೇ ತನ್ನ ದೊಡ್ಡ ಕೆಲಸವೆಂದು ನಂಬಿದ್ದನು. ಕೊಂಡವರು ಬಹಳ ಕಡಿಮೆ. ಜಗತ್ತಿಗೆ ಅವನ ಬಲ ಬೇಕಾಗಿತ್ತು, ಹಿತೋಪದೇಶ ಬೇಕಾಗಿರಲಿಲ್ಲ.

ಎಂಜಿನ್ನು ಮಾತ್ರ ಬೆಳೆಯುತ್ತಲೇ ಹೋಯಿತು. ೧೯೦೩ರಿಂದ ನದಿಯ ಹಡಗುಗಳಲ್ಲಿ, ಆಮೇಲೆ ಜಲಾಂತರ್ಗಾಮಿಗಳಲ್ಲಿ. ೧೯೧೨ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಬಲದಿಂದ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿನವರೆಗೆ ಸಾಗರಗಳನ್ನು ದಾಟಿತು. ಒಡೆಯನ ಕೈಯಲ್ಲಿ ಹಣ ಮಾತ್ರ ನಿಲ್ಲಲಿಲ್ಲ. ಗಲೀಷಿಯದ ಎಣ್ಣೆಯ ಬಾವಿಗಳಲ್ಲಿ ಹೂಡಿದುದು ಮುಳುಗಿತು. ನಿವೇಶನಗಳ ವ್ಯವಹಾರದಲ್ಲಿ ಹಾಕಿದುದು ಕೋರ್ಟು ಕಚೇರಿಗಳ ಪಾಲಾಯಿತು. ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿ ಅದರ ಖರ್ಚಿಗೆ ಸಿಕ್ಕಿಬಿದ್ದನು. ಮೂಲ ಪೇಟೆಂಟುಗಳ ಅವಧಿ ೧೯೦೭-೦೮ರ ವೇಳೆಗೆ ಮುಗಿದು, ಯಾರು ಬೇಕಾದರೂ ಅವನ ಯಂತ್ರವನ್ನು ಮಾಡಬಹುದಾಯಿತು.

ಆಗ ಬಂದುದು ಎಲ್ಲಕ್ಕಿಂತ ಕಠಿನವಾದ ಏಟು. ೧೯೧೨ರ ನವೆಂಬರಿನಲ್ಲಿ ಬರ್ಲಿನ್ನಿನ ಹಡಗು ತಜ್ಞರ ಸಭೆಯಲ್ಲಿ ತನ್ನ ಎಂಜಿನ್ನು ಹುಟ್ಟಿದ ಬಗೆಯನ್ನು ಡೀಸೆಲ್ ವಿವರಿಸಿದಾಗ, ಪ್ರಾಧ್ಯಾಪಕರು ಎದ್ದು ವಿರೋಧಿಸಿದರು. ಅವನ ಪೇಟೆಂಟು ಹೇಳುವ ಯಂತ್ರ ಎಂದೂ ಓಡಲಿಲ್ಲ. ಓಡಿದ ಯಂತ್ರ ಪೇಟೆಂಟಿನಲ್ಲಿ ಇರಲಿಲ್ಲ. ಇಂಗ್ಲೆಂಡಿನ ಆಕ್ರಾಯ್ಡ್ ಸ್ಟೂವರ್ಟ್ ಮೊದಲಾದವರು ಮೊದಲೇ ಇಂಥ ದಾರಿಯಲ್ಲಿ ನಡೆದಿದ್ದರು. ಉಳಿದುದೆಲ್ಲ ಆಗ್ಸ್‌ಬರ್ಗಿನವರ ಬೆವರು. ಇದು ಆಕ್ಷೇಪಣೆಯ ಸಾರ. ೧೯೧೩ರಲ್ಲಿ ಲ್ಯೂಡರ್ಸ್ ಎಂಬ ಪ್ರಾಧ್ಯಾಪಕ ಡೀಸೆಲ್ ಎಂಬುದೇ ಒಂದು ಕಟ್ಟುಕತೆಯೆಂದು ಸಾಧಿಸುವ ಪುಸ್ತಕ ಬರೆದನು. ಹಣ ಹೋಗಿತ್ತು, ಆರೋಗ್ಯ ಹೋಗಿತ್ತು. ಈಗ ಹೆಸರಿಗೂ ಕೈ ಬಿದ್ದಿತು.

೧೯೧೩ರ ಸೆಪ್ಟೆಂಬರ್ ೨೯ರ ಸಂಜೆ ಆಂಟ್‌ವರ್ಪಿನಲ್ಲಿ ಡ್ರೆಸ್ಡನ್ ಎಂಬ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೊರಟನು. ಇಪ್ಸ್‌ವಿಚ್ಚಿನಲ್ಲಿ ಹೊಸ ಎಂಜಿನ್ ಕಾರ್ಖಾನೆಯ ಕೆಲಸವಿತ್ತು. ಇಬ್ಬರು ಜೊತೆಗಾರರೊಡನೆ ಊಟ ಮಾಡಿ, ಬೆಳಿಗ್ಗೆ ಆರೂಕಾಲಕ್ಕೆ ಎಬ್ಬಿಸಬೇಕೆಂದು ಹೇಳಿ, ರಾತ್ರಿ ಹತ್ತರ ಸುಮಾರಿಗೆ ತನ್ನ ಕೋಣೆಗೆ ಹೋದನು. ಬೆಳಿಗ್ಗೆ ಹಾಸಿಗೆ ಮಲಗಿದಂತಿರಲಿಲ್ಲ. ಟೋಪಿಯೂ ಮೇಲಂಗಿಯೂ ಹಡಗಿನ ಕಟಕಟೆಯ ಬಳಿ ಮಡಿಸಿದಂತೆ ಬಿದ್ದಿದ್ದವು. ಹತ್ತು ದಿನಗಳ ಬಳಿಕ ಡಚ್ ದೋಣಿಯೊಂದರವರು ಸಮುದ್ರದಲ್ಲಿ ತೇಲುತ್ತಿದ್ದ ದೇಹವನ್ನು ಕಂಡು, ಜೇಬಿನಲ್ಲಿದ್ದ ಕನ್ನಡಕದ ಪೆಟ್ಟಿಗೆ, ಚಾಕು ಮೊದಲಾದವನ್ನು ತೆಗೆದುಕೊಂಡು ದೇಹವನ್ನು ಮತ್ತೆ ನೀರಿಗೆ ಬಿಟ್ಟರು. ಅಕ್ಟೋಬರ್ ೧೩ರಂದು ಮಗ ಆಯ್ಗನ್ ಅವು ತಂದೆಯವೆಂದು ಗುರುತಿಸಿದನು. ಕೊಲೆಯೆಂದು ಊಹಿಸಿದವರುಂಟು. ಬ್ಯಾಂಕಿನ ಬರಿದಾದ ಲೆಕ್ಕಗಳನ್ನೂ, ಹೊರಡುವ ಮುನ್ನ ಹೆಂಡತಿಗೆ ಕೊಟ್ಟು ವಾರದ ಮೇಲೆ ತೆರೆಯಬೇಕೆಂದ ಹಣದ ಚೀಲವನ್ನೂ ನೆನೆದರೆ, ಆ ರಾತ್ರಿ ಅವನು ತಾನಾಗಿಯೇ ಕಟಕಟೆ ದಾಟಿದನೆಂದು ನನಗೆ ತೋರುತ್ತದೆ. ವಯಸ್ಸು ಐವತ್ತೈದು.

ಅವನ ಎಂಜಿನ್ನಿನ ಕಥೆ ಅಲ್ಲಿಗೆ ಅರ್ಧ. ಊದುಗಾಳಿಯ ಹಂಗನ್ನು ಬಿಡಿಸುವವರು ಬರಬೇಕಾಗಿತ್ತು. ಬೆಂಜ್ ಸಂಸ್ಥೆಯ ಪ್ರಾಸ್ಪರ್ ಲೊರಾಂಜ್ ೧೯೦೯ರಲ್ಲಿಯೇ ಸಿಲಿಂಡರಿನ ತಲೆಯಲ್ಲಿ ಒಂದು ಸಣ್ಣ ಪೂರ್ವಕೋಷ್ಠವನ್ನು ಯೋಜಿಸಿದ್ದನು. ೧೯೨೩-೨೪ರಲ್ಲಿ ಜರ್ಮನಿಯ ಲಾರಿಗಳು ಸಂಪೀಡಕವಿಲ್ಲದ ಡೀಸೆಲ್ ಎಂಜಿನ್ನುಗಳಿಂದ ಓಡಿದವು. ಡೀಸೆಲನಿಗಿಂತ ಮೂರು ವರ್ಷ ಚಿಕ್ಕವನಾದ ರಾಬರ್ಟ್ ಬಾಷ್‌ನ ಕಾರ್ಖಾನೆ ೧೯೨೨ರಲ್ಲಿ ಕೆಲಸ ಹಿಡಿದು ೧೯೨೭ರಲ್ಲಿ ಇಂಧನ ಚಿಮ್ಮಿಸುವ ಪಂಪನ್ನು ಸಾಲುಸಾಲಾಗಿ ತಯಾರಿಸತೊಡಗಿತು. ೧೮೯೩ರಲ್ಲಿ ಡೀಸೆಲ್ ಬಯಸಿ ಪಡೆಯಲಾರದೆ ಹೋದುದು ಇದೇ. ಅದರ ಒಳಗಿನ ದಿಂಡಿಗೂ ಕೊಳವೆಗೂ ನಡುವಣ ಅಂತರ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವು ಮಾತ್ರ. ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿಗಿಂತಲೂ ಕಿರಿದು. ನಮ್ಮ ಬೆಂಗಳೂರಿನ ಆಡುಗೋಡಿಯಲ್ಲಿ ಜನ ಮೈಕೋ ಎಂದು ಕರೆಯುತ್ತಿದ್ದ ಕಾರ್ಖಾನೆ ೧೯೫೧ರಲ್ಲಿ ಸ್ಥಾಪಿತವಾಗಿ ಈ ವಿದ್ಯೆಯನ್ನು ಕನ್ನಡಿಗರ ಕೈಗೂ ತಂದಿತು. ೧೯೯೭ರಲ್ಲಿ ಕಾರುಗಳಿಗೆ ಬಂದ ಸಾಮಾನ್ಯ ಕೊಳವೆಯ ವ್ಯವಸ್ಥೆಯಲ್ಲಿ ಒತ್ತಡ ೧೩೫೦ ವಾತಾವರಣಗಳಷ್ಟಿತ್ತು. ಈಗ ಎರಡು ಸಾವಿರವನ್ನೂ ಮೀರಿದೆ.

ಇಷ್ಟು ಸೂಕ್ಷ್ಮವಾದುದನ್ನು ಕಾಪಾಡುವುದೂ ಒಂದು ವಿದ್ಯೆ. ನಮ್ಮ ಬೀದಿಗೆ ತರಕಾರಿ ತರುವ ಪಿಕಪ್ ಗಾಡಿಯ ಚಾಲಕ ಒಮ್ಮೆ ಅದನ್ನು ನನಗೆ ವಿವರಿಸಿದನು. ಮೇಷ್ಟರಿಗೆ ಪಾಠ ಹೇಳುವ ಸಂತೋಷ ಅವನ ಮುಖದಲ್ಲಿತ್ತು. ಟ್ಯಾಂಕಿನ ಎಣ್ಣೆಯನ್ನು ಸಣ್ಣ ಪಂಪೊಂದು ಮುಂದಕ್ಕೆ ತಳ್ಳುತ್ತದೆ. ಫಿಲ್ಟರು ಕಸವನ್ನು ಹಿಡಿಯುತ್ತದೆ. ನೀರು ಎಣ್ಣೆಗಿಂತ ಭಾರವಾದುದರಿಂದ ಅದರ ತಳದಲ್ಲಿ ನಿಲ್ಲುತ್ತದೆ, ಅದನ್ನು ಆಗಾಗ ಬಿಟ್ಟುಬಿಡಬೇಕು. ದೊಡ್ಡ ಪಂಪಿಗೆ ಕೀಲೆಣ್ಣೆಯೂ ಡೀಸೆಲ್ಲೇ. ನೀರು ಹೊಕ್ಕರೆ ತುಕ್ಕು, ಧೂಳು ಹೊಕ್ಕರೆ ಗೀರು. ಟ್ಯಾಂಕು ಪೂರ್ತಿ ಬರಿದಾಗಿ ಕೊಳವೆಗೆ ಗಾಳಿ ಹೊಕ್ಕರೆ, ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿ ಏರ್ ತೆಗೆಯದೆ ಗಾಡಿ ಕದಲುವುದಿಲ್ಲ. ಯಾವ ಊದುಗಾಳಿಯನ್ನು ಡೀಸೆಲ್ ನೆರವಿಗೆ ಕರೆದನೋ ಆ ಗಾಳಿಯೇ ಇಂದು ಈ ದಾರಿಯಲ್ಲಿ ಹಗೆಯಾಗಿದೆ!

ಬಲ ಹೆಚ್ಚಿಸಿಕೊಳ್ಳುವ ಆಸೆಗೂ ಕ್ರಮವಿದೆ. ಅಮೆರಿಕದಲ್ಲಿ ೧೯೯೮ರ ಸುಮಾರಿಗೆ ಬಂದ ಒಂದು ಬಗೆಯ ಪಿಕಪ್ಪುಗಳಲ್ಲಿ ಟ್ಯಾಂಕಿನಿಂದ ಎಣ್ಣೆ ತಳ್ಳುವ ಸಣ್ಣ ಪಂಪು ಸೊರಗಿ, ತಣಿಸುವ ಎಣ್ಣೆ ಸಾಲದೆ ಬೆಲೆಬಾಳುವ ದೊಡ್ಡ ಪಂಪುಗಳು ಕೆಡುತ್ತಿದ್ದವು. ಬಲ್ಲ ಒಡೆಯರು ಗಟ್ಟಿಯಾದ ಸಣ್ಣ ಪಂಪನ್ನೂ ಒತ್ತಡ ತೋರುವ ಮಾಪಕವನ್ನೂ ಮೊದಲು ಹಾಕಿಸಿ, ಫಿಲ್ಟರನ್ನು ಸುಧಾರಿಸಿ, ಆಮೇಲೆ ಎಂಜಿನ್ನಿನ ಬಲದ ಮಾತೆತ್ತಿದರು. ಅವಸರದವರು ಸಿಲಿಂಡರಿಗೆ ಎಣ್ಣೆಯನ್ನಷ್ಟೇ ಹೆಚ್ಚು ಬಿಟ್ಟು ಕರಿಹೊಗೆಯನ್ನೂ ಸುಟ್ಟ ಪಿಸ್ಟನ್ನುಗಳನ್ನೂ ಪಡೆದರು. ಗಾಳಿಗೆ ತಕ್ಕ ಎಣ್ಣೆ, ಎಣ್ಣೆಗೆ ತಕ್ಕ ಶುಚಿ, ಇವೆರಡನ್ನು ಮೀರಿದ ಬಲವಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ಕೃತಿ ಯಾರದು? ಪೇಟೆಂಟಿನ ಯಂತ್ರ ಓಡಲಿಲ್ಲವೆಂಬ ಆಕ್ಷೇಪಣೆ ಸುಳ್ಳಲ್ಲ. ಓಡಿದುದನ್ನು ದೇಶದೇಶಗಳ ಕೈಗಳು ಪೂರ್ಣಗೊಳಿಸಿದುದೂ ದಿಟ. ಆದರೆ ಲೊರಾಂಜನಾಗಲಿ ಬಾಷನಾಗಲಿ ತಿದ್ದಲು ಎತ್ತಿಕೊಂಡ ಯಂತ್ರ ಅಲ್ಲಿ ಇದ್ದಿತಲ್ಲ, ಅದು ಹೇಗೆ ಬಂದಿತು? ನೂರಕ್ಕೆ ತೊಂಬತ್ತು ಪಾಲು ಶಾಖ ಹಾಳಾಗುವುದನ್ನು ಎಲ್ಲರೂ ಪಾಠವೆಂದು ಬರೆದುಕೊಂಡಾಗ, ಅದನ್ನು ಸಹಿಸಲಾರದೆ ಹೋದವನು ಒಬ್ಬ. ಡೀಸೆಲನ ತಪ್ಪು ತನ್ನ ಯಂತ್ರವನ್ನು ಒಂದೇ ಬಾರಿಗೆ ಪೂರ್ಣವಾಗಿ ಹುಟ್ಟಿದುದೆಂದು ಲೋಕದ ಮುಂದೆ ನಿಲ್ಲಿಸಿದುದು. ಟೀಕಾಕಾರರ ತಪ್ಪು ಪೂರ್ಣವಾಗಿ ಹುಟ್ಟದುದು ಅವನದೇ ಅಲ್ಲವೆಂದುದು. ಅಭ್ಯಾಸವೆಂಬುದು ಒಬ್ಬನ ಆಯುಷ್ಯದಲ್ಲಿ ಮುಗಿಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆಗ್ಸ್‌ಬರ್ಗಿನಲ್ಲಿ ಟೋಪಿ ತೆಗೆದ ಕೆಲಸಗಾರನೂ ಫಿಲ್ಟರಿನ ನೀರು ಬಿಡುವ ನಮ್ಮ ಚಾಲಕನೂ ಆ ಅಭ್ಯಾಸದಲ್ಲಿ ಪಾಲುಗಾರರೇ. ಇದನ್ನು ೧೯೧೩ರಲ್ಲಿ ಯಾರಾದರೂ ಸಮಾಧಾನವಾಗಿ ಕುಳಿತು ಹೇಳಿದ್ದರೆ, ಆ ದಣಿದ ಮನಸ್ಸು ಉತ್ತರ ಸಮುದ್ರದ ಕತ್ತಲೆಯಲ್ಲಿ ಬೇರೆ ಏನನ್ನಾದರೂ ಯೋಚಿಸುತ್ತಿತ್ತೇನೋ.